ಖಾಲಿ ಟ್ಯೂಬಿನ ವೈರಸ್ಸು

ನಮ್ಮ ಲ್ಯಾಬಿನಲ್ಲಿ ನನ್ನನ್ನು ಎಲ್ಲರೂ ಸೋಪಮ್ಮ ಅನ್ನುತ್ತಾರೆ. ಬೆನ್ನ ಹಿಂದೆ ಅಲ್ಲ, ಎದುರಿಗೇ. ನನಗೇನೂ ಬೇಜಾರಿಲ್ಲ. ರೋಗ ಬಿದ್ದ ಎಲೆಗಳನ್ನು ಅರೆದು ಅದರೊಳಗಿನ ವೈರಸ್ಸು ಯಾವುದೆಂದು ಹುಡುಕುವ ಜಾಗದಲ್ಲಿ ಸೋಪು ಅಂದರೆ ಬೈಗುಳ ಅಲ್ಲ, ಬಿರುದು. ಬಾಗಿಲನ್ನು ಮೊಣಕೈಯಿಂದ ನೂಕುವವಳು ನಾನು. ಪಕ್ಕದ ಮೇಜಿನವರು ಹನಿ ಅಳೆಯುವ ಪಿಪೆಟ್ಟು ಎರವಲು ಕೇಳಿದರೆ ನನ್ನ ಮುಖ ಹರಳೆಣ್ಣೆ ಕುಡಿದ ಹಾಗಾಗುತ್ತದೆ. ಮನೆಯಲ್ಲೂ ಅಷ್ಟೇ. ನನ್ನ ಗಂಡ ಬಸ್ ಡ್ರೈವರ್. ದಿನವಿಡೀ ಸ್ಟೇರಿಂಗ್ ಹಿಡಿದ ಕೈಯಲ್ಲೇ ಅವರು ತಟ್ಟೆ ಮುಟ್ಟಿದರೆ ನಾನು ಒಂದು ಕೆಮ್ಮು ಕೆಮ್ಮುತ್ತೇನೆ, ಅವರು ಎದ್ದು ಹೋಗಿ ತೊಳೆದುಕೊಂಡು ಬರುತ್ತಾರೆ. ಮದುವೆಯಾದ ಹೊಸದರಲ್ಲಿ ಇದಕ್ಕೆ ಜಗಳ ಆಡುತ್ತಿದ್ದರು. ಈಗ ಕೆಮ್ಮಿಗೇ ಕೆಲಸವಾಗುತ್ತದೆ.

ಇಂಥ ನನ್ನ ಖಾಲಿ ಟ್ಯೂಬಿನಲ್ಲಿ ವೈರಸ್ಸು ಸಿಕ್ಕಿತು.

ಖಾಲಿ ಟ್ಯೂಬು ಅಂದರೇನೆಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ನನ್ನ ಅವಮಾನದ ತೂಕ ನಿಮಗೆ ತಿಳಿಯುವುದಿಲ್ಲ. ಬೆಳೆಗಾರರು ಕಳಿಸಿದ ಎಲೆಗಳನ್ನು ಒಂದೊಂದು ಟ್ಯೂಬಿನಲ್ಲಿ ಅರೆದು, ಅದರಲ್ಲಿರುವ ಆರ್‌ಎನ್‌ಎ ಎಂಬ ಎಳೆಯನ್ನು ಬೇರ್ಪಡಿಸಿ ಮಷೀನಿಗೆ ಕೊಡುತ್ತೇವೆ. ಮಷೀನು ಅದರ ಅಕ್ಷರಗಳನ್ನು ಓದುತ್ತದೆ. ಗಿಡದ ಅಕ್ಷರಗಳನ್ನು ಬದಿಗಿಟ್ಟರೆ ಉಳಿದದ್ದರಲ್ಲಿ ವೈರಸ್ಸು ಇಣುಕುತ್ತದೆ. ಈ ಸಾಲಿನ ಕೊನೆಗೆ ಒಂದು ಟ್ಯೂಬಿಗೆ ಬರೀ ಶುದ್ಧ ನೀರು ಹಾಕಿ, ಎಲೆಗೆ ಮಾಡುವ ಉಪಚಾರವನ್ನೆಲ್ಲ ಅದಕ್ಕೂ ಮಾಡುತ್ತೇವೆ. ಅದರಲ್ಲಿ ಏನೂ ಸಿಗಬಾರದು. ಸಿಕ್ಕಿತೋ, ಕೆಲಸ ಮಾಡಿದವರ ಕೈ ಕೊಳೆ ಎಂದೇ ಅರ್ಥ. ಯಾರ ಖಾಲಿ ಟ್ಯೂಬು ಖಾಲಿ ಇರುವುದಿಲ್ಲವೋ ಅವರು ಬಾತುಕೋಳಿ ಚಿತ್ರದ ಹಳದಿ ಏಪ್ರನ್ನು ಕಟ್ಟಿಕೊಂಡು ತಿಂಗಳಿಡೀ ಲ್ಯಾಬಿನ ಗಾಜಿನ ಸಾಮಾನು ತೊಳೆಯಬೇಕು. ಈ ನಿಯಮ ಮಾಡಿದವಳೂ ನಾನೇ, ಆ ಏಪ್ರನ್ನು ಕೊಂಡು ತಂದವಳೂ ನಾನೇ.

ಅವತ್ತು ಬೆಳಿಗ್ಗೆ ಚೂರಣ್ಣ ತನ್ನ ಕುರ್ಚಿಯನ್ನು ಅರ್ಧ ಸುತ್ತು ತಿರುಗಿಸಿ ನನ್ನ ಮುಖ ನೋಡಿ ನಕ್ಕಾಗಲೇ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಚೂರಣ್ಣನ ಕೆಲಸ ಕಂಪ್ಯೂಟರಿನ ಮುಂದೆ. ಮಷೀನು ಎಳೆಯನ್ನು ಇಡಿಯಾಗಿ ಓದುವುದಿಲ್ಲ, ಚೂರು ಚೂರಾಗಿ ಓದುತ್ತದೆ. ಮಗು ಹರಿದು ಹಾಕಿದ ಪತ್ರಿಕೆಯನ್ನು ಅಂಚಿಗೆ ಅಂಚು ಹೊಂದಿಸಿ ಮತ್ತೆ ಓದುವಂತೆ ಮಾಡುತ್ತೇವಲ್ಲ, ಆ ಕೆಲಸ ಅವನದು. ಅದಕ್ಕೇ ಆ ಹೆಸರು.

"ಅಕ್ಕಾ, ಸೌತೆ ಎಲೆಗಳಲ್ಲಿ ಅದೇ ಹಳೇ ವೈರಸ್ಸು, ಹೊಸದೇನಿಲ್ಲ," ಎಂದ. "ಆದ್ರೆ ನಿಮ್ಮ ನೀರಲ್ಲಿ ಒಂದು ಕೂತಿದೆ ನೋಡಿ. ತಲೆಯಿಂದ ಬಾಲದವರೆಗೆ ಪೂರ್ತಿ. ಒಂದಕ್ಷರ ಬಿಟ್ಟುಹೋಗಿಲ್ಲ."

"ಸೌತೆಯದೇ ಹಾರಿ ಬಿದ್ದಿರ್ಬೇಕು."

"ಅದಲ್ಲ. ಗೊತ್ತಿರೋ ವೈರಸ್ಸುಗಳ ಜೊತೆಗೆಲ್ಲ ಹೋಲಿಸಿದೆ. ದೂರದ ದಾಯಾದಿಗಳು ಸಿಕ್ಕಿದ್ರು, ಒಡಹುಟ್ಟಿದವರು ಯಾರೂ ಇಲ್ಲ. ಇದು ಹೊಸದು ಅಕ್ಕಾ! ಲೋಕದಲ್ಲಿ ಯಾರೂ ನೋಡಿಲ್ಲ!"

ಹೊಸ ವೈರಸ್ಸು ಸಿಗಲಿ ಎಂದು ಎಷ್ಟೋ ವರ್ಷಗಳಿಂದ ಲೋಕದ ಎಲೆಗಳನ್ನೆಲ್ಲ ಅರೆಯುತ್ತ ಕೂತಿದ್ದವರು ನಾವು. ಅದು ಸಿಕ್ಕಿದ್ದು ನೀರಿನಲ್ಲಿ. ಕುಣಿಯಬೇಕೋ ಅಳಬೇಕೋ ತಿಳಿಯದೆ ನಾನು ನಿಂತಿರುವಾಗಲೇ ಯಾರೋ ಬಾತುಕೋಳಿ ಏಪ್ರನ್ನು ತಂದು ನನ್ನ ಕುರ್ಚಿಯ ಬೆನ್ನಿಗೆ ತೂಗುಹಾಕಿದರು. ತಾನು ತೋಡಿದ ಗುಂಡಿಗೆ ತಾನೇ ಬೀಳುವುದು ಅಂದರೆ ಇದು.

ನಮ್ಮ ಮುಖ್ಯಸ್ಥರಿಗೆ ನಾವಿಟ್ಟ ಹೆಸರು ಸಂಶಯ ಸಾರ್. ಗುಡ್ ಮಾರ್ನಿಂಗ್ ಅಂದರೂ ಕಿಟಕಿಯತ್ತ ಒಮ್ಮೆ ನೋಡಿ ಬೆಳಗಾಗಿದ್ದನ್ನು ಖಾತ್ರಿ ಮಾಡಿಕೊಂಡೇ ಉತ್ತರಿಸುವವರು. ಅವರು ಸುದ್ದಿ ಕೇಳಿ ಖುಷಿಪಡಲೂ ಇಲ್ಲ, ರೇಗಲೂ ಇಲ್ಲ. "ಇನ್ನೊಂದ್ಸಲ ಮಾಡಿ," ಎಂದರು. ಮಾಡಿದೆ. ನನ್ನ ನೀರಿನಲ್ಲಿ ಮತ್ತೆ ಅದೇ ವೈರಸ್ಸು. ಅದೇ ನೀರು, ಅದೇ ಮೇಜು, ಚೂರಣ್ಣ ಮಾಡಿದ. ಅವನ ಟ್ಯೂಬು ಅವನ ಊಟದ ಡಬ್ಬಿಯ ಹಾಗೆ ಖಾಲಿ.

"ಅಂದ್ರೆ ನೀರು ಸರಿಯಿದೆ, ಮೇಜು ಸರಿಯಿದೆ," ಎಂದರು ಸಂಶಯ ಸಾರ್. "ಇಲ್ಲಿಗೆ ಬರೋ ಮುಂಚೆ ಯಾರು ಯಾವ ಗಿಡ ಮುಟ್ಟಿರ್ತೀರಿ?"

ಯಾರ ಕಡೆಗೂ ಬೊಟ್ಟು ಮಾಡಿರಲಿಲ್ಲ. ಆದರೂ ನಾನು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ನನ್ನ ಕೈ ನೋಡಿಕೊಂಡೆ. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಒಂದು ಹಸಿರು ಗೆರೆ ಇತ್ತು.

ಅತ್ತೆಯ ಪಟ್ಟೆ ಹೂ!

ಅತ್ತೆಯ ಬಾಲ್ಕನಿಯ ವಿಷಯ ಈಗ ಹೇಳಬೇಕು. ಬಾಲ್ಕನಿ ನಮ್ಮ ಮನೆಯದೇ, ಆದರೆ ಒಗೆದ ಬಟ್ಟೆ ಒಣಹಾಕುವುದಕ್ಕೂ ನಾವು ಅವರ ಅಪ್ಪಣೆ ಕೇಳುತ್ತೇವೆ. ಅಲ್ಲಿ ಕುಂಡಗಳ ಮೇಲೆ ಕುಂಡ, ಎಲ್ಲದರಲ್ಲೂ ಒಂದೇ ಗಿಡ. ನೇರಳೆ ಹೂವು, ಅದರ ಎಸಳುಗಳ ಮೇಲೆ ಸುಣ್ಣದ ಕಡ್ಡಿಯಲ್ಲಿ ಎಳೆದಂಥ ಬಿಳಿ ಗೆರೆ. ಒಂದು ಹೂವಿನಲ್ಲಿದ್ದಂತೆ ಇನ್ನೊಂದರಲ್ಲಿ ಇರುವುದಿಲ್ಲ. ಬೀದಿಯಲ್ಲಿ ಹೋಗುವವರು ನಿಂತು ತಲೆಯೆತ್ತಿ ನೋಡುತ್ತಾರೆ. ಅದೇ ಜಾತಿಯ ಗಿಡವನ್ನು ಬೇರೆಯವರು ಅಂಗಡಿಯಿಂದ ತಂದು ಬೆಳೆಸಿದರೆ ಬರೀ ನೇರಳೆ ಬರುತ್ತದೆ. ಅತ್ತೆಯದೇ ಬೀಜ ಒಯ್ದು ಹಾಕಿದರೂ ಬರೀ ನೇರಳೆ. ಅತ್ತೆ ತಮ್ಮ ಕೈಯಾರೆ ನೆಡಲು ಕಡ್ಡಿ ಮುರಿದು ಕೊಡಬೇಕು, ಇಲ್ಲವೇ ಅವರ ಮನೆಗೇ ಹೋಗಿ ಗಿಡದ ಕುಡಿ ಚಿವುಟಿ ಬರಬೇಕು, ಆಗ ಮಾತ್ರ ಪಟ್ಟೆ ಮೂಡುತ್ತದೆ. "ಅದಕ್ಕೆಲ್ಲ ಕೈಗುಣ ಬೇಕಮ್ಮಾ," ಎನ್ನುವುದು ಅವರ ಮಾತು. ಅವರ ಅಡುಗೆಗೆ ಉಪ್ಪು ಖಾರ ನೆಟ್ಟಗೆ ಬೀಳುವುದಿಲ್ಲ, ಹೊಲಿಗೆ ಬಾರದು, ಹಾಡಂತೂ ಬೇಡವೇ ಬೇಡ. ಆ ಕೈಗುಣ ಒಂದೇ ಅವರ ಆಸ್ತಿ. ಮಾವನವರು ಹೋದ ಮೇಲೆ ಬೀದಿಯವರೊಡನೆ ಅವರಿಗೆ ಮಾತು ಬೆಳೆದದ್ದೂ ಆ ಕಡ್ಡಿಗಳಿಂದಲೇ.

ಮಂಡಿನೋವಿನಿಂದ ಸ್ಟೂಲು ಹತ್ತಲಾರರು. ಅದಕ್ಕೆ ದಿನಾ ನಾನು ಚಪ್ಪಲಿ ಹಾಕುವ ಹೊತ್ತಿಗೆ ಸರಿಯಾಗಿ ಒಳಗಿನಿಂದ ಕೂಗು ಬರುತ್ತದೆ: "ಮೇಲಿನ ಕುಂಡದ ಕುಡಿ ಚಿವುಟಿ ಹೋಗಮ್ಮಾ." ಅಷ್ಟರಲ್ಲಿ ನನ್ನ ಕೈ ತೊಳೆದಾಗಿರುತ್ತದೆ. ಚಿವುಟಿ, ಬಸ್ಸು ಹಿಡಿದು, ಲ್ಯಾಬಿಗೆ ಬಂದು, ಅದೇ ಬೆರಳಿನಿಂದ ಡಬ್ಬದಿಂದ ಗ್ಲೌಸು ಎಳೆದು ಹಾಕಿಕೊಳ್ಳುತ್ತೇನೆ. ಗ್ಲೌಸು ಬಿಚ್ಚಿದ ಮೇಲೆ ಉಜ್ಜಿ ಉಜ್ಜಿ ತೊಳೆಯುತ್ತೇನೆಯೇ ಹೊರತು ಹಾಕುವ ಮುಂಚೆ ಎಂದೂ ತೊಳೆದವಳಲ್ಲ. ಗ್ಲೌಸು ಇದೆಯಲ್ಲ ಎಂಬ ಧೈರ್ಯ. ಆ ಗ್ಲೌಸಿನ ಹೊರಮೈಯನ್ನೇ ಹಸಿರು ಬೆರಳಲ್ಲಿ ಹಿಡಿದು ಎಳೆಯುತ್ತಿದ್ದೇನೆ ಎಂದು ಸೋಪಮ್ಮನಿಗೆ ಹೊಳೆದಿರಲಿಲ್ಲ. ಅಷ್ಟು ಕೊಂಚ ರಸ ಎಲೆ ತುಂಬಿದ ಟ್ಯೂಬುಗಳಲ್ಲಿ ಮರೆಯಾಗುತ್ತದೆ, ಬರೀ ನೀರಿನಲ್ಲಿ ಎದ್ದು ಕಾಣುತ್ತದೆ.

ಮಾರನೆಯ ದಿನ ಅತ್ತೆಯ ಹತ್ತಿರ ಎರಡು ಎಲೆ ಕೇಳಿದೆ, ಪಟ್ಟೆ ಗಿಡದ್ದೊಂದು, ಬೀಜ ಬಿದ್ದು ಮೂಲೆಯಲ್ಲಿ ತಾನಾಗಿ ಹುಟ್ಟಿದ ಬರೀ ನೇರಳೆ ಗಿಡದ್ದೊಂದು. "ಲ್ಯಾಬಿಗಾ? ನನ್ನ ಗಿಡದ್ದಾ?" ಎಂದು ಅವರು ಕುಂಡಗಳನ್ನೆಲ್ಲ ಸುತ್ತಿ, ಇದ್ದುದರಲ್ಲಿ ಚೆಂದದ ಎಲೆ ಆರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಆ ಸಂಭ್ರಮ ನೋಡಿ ನನಗೆ ಒಳಗೊಳಗೇ ಕಸಿವಿಸಿಯಾಯಿತು.

ಪಟ್ಟೆ ಎಲೆಯಲ್ಲಿ ವೈರಸ್ಸು ತುಂಬಿ ತುಳುಕುತ್ತಿತ್ತು. ಬರೀ ನೇರಳೆಯದರಲ್ಲಿ ಹುಡುಕಿದರೂ ಇರಲಿಲ್ಲ. ಚೂರಣ್ಣ ಕುರ್ಚಿಯ ಮೇಲೆ ಹತ್ತಿ ನಿಂತು ಕೈ ತಟ್ಟಿದ. ಲ್ಯಾಬಿನಲ್ಲಿ ಗದ್ದಲವೋ ಗದ್ದಲ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತಲ್ಲ ಎಂದು ನಾನೂ ನಕ್ಕೆ. ಒಂದು ಗಳಿಗೆ ನನಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿದಿತ್ತು.

ಸಂಶಯ ಸಾರ್ ನಗಲಿಲ್ಲ. "ಇದು ತರಕಾರಿ ಗಿಡಗಳಿಗೆ ಅಂಟತ್ತಾ?" ಎಂದರು. ಚೂರಣ್ಣ ಕುರ್ಚಿಯಿಂದ ಕೆಳಗಿಳಿದ. "ಟೊಮ್ಯಾಟೊ, ಮೆಣಸು, ಸೌತೆ, ಹುರುಳಿಕಾಯಿ, ಎಲ್ಲಕ್ಕೂ ಹಚ್ಚಿ ನೋಡೋಣ. ಒಂದಕ್ಕೆ ಅಂಟಿದ್ರೂ ಆ ಗಿಡಗಳನ್ನ ಸುಡಲೇಬೇಕು. ಅವರು ಯಾರ್ಯಾರಿಗೆ ಕಡ್ಡಿ ಕೊಟ್ಟಿದ್ದಾರೋ ಅವರದ್ದೂ. ಗೊತ್ತಾಗೋವರೆಗೂ ಯಾರಿಗೂ ಒಂದು ಕಡ್ಡಿನೂ ಕೊಡೋ ಹಾಗಿಲ್ಲ."

ನಿಯಮ ನನಗೆ ಗೊತ್ತಿಲ್ಲದ್ದಲ್ಲ. ಬೇರೆಯವರ ತೋಟಕ್ಕೆ ಹೋಗಿ ಈ ಮಾತನ್ನು ನಾನೇ ಮುಖ ಗಂಟು ಹಾಕಿಕೊಂಡು ಹೇಳಿ ಬಂದಿದ್ದೇನೆ. ಈಗ ಅದನ್ನು ಅತ್ತೆಗೆ ಹೇಳಬೇಕಿತ್ತು. ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಸಂಜೆ ಹೇಳಿದೆ. ಅತ್ತೆ ಬಾಲ್ಕನಿಯ ಮೋಡದ ಮೇಲೆ ಕೂತು, ಅಂದರೆ ಅವರ ಹತ್ತಿಯ ದಿಂಬು ಹಾಕಿದ ಬೆತ್ತದ ಕುರ್ಚಿ, ಅದನ್ನು ನನ್ನ ಗಂಡ ಮೋಡ ಅನ್ನುತ್ತಾರೆ, ಪೂರ್ತಿ ಕೇಳಿಸಿಕೊಂಡರು. ನಾನು ಆದಷ್ಟು ಮೆತ್ತಗೆ ಹೇಳಿದೆ. ಗಿಡಕ್ಕೆ ನೋವಿಲ್ಲ, ಅದು ಸುಖವಾಗಿಯೇ ಇದೆ, ಬಣ್ಣ ತುಂಬುವ ಕೆಲಸವನ್ನು ವೈರಸ್ಸು ಅಲ್ಲಲ್ಲಿ ತಡೆಯುತ್ತದೆ, ತಡೆದ ಕಡೆ ಬಿಳಿ ಉಳಿಯುತ್ತದೆ ಎಂದೆಲ್ಲ.

"ಅಂದ್ರೆ," ಎಂದರು ಅತ್ತೆ, "ನನ್ನ ಕೈಗುಣ ಅಲ್ಲ. ಕಾಯಿಲೆ."

ನಾನು ಕುಂಡದ ಅಂಚಿನ ಮಣ್ಣು ಒರೆಸತೊಡಗಿದೆ.

"ಎದುರುಮನೆ ದರ್ಜಿಗೆ ಕೊಟ್ಟಿದ್ದೀನಿ. ಅವಳು ಗಿಡಾನ ಹೊಲಿಗೆ ಮಷೀನ್ ಪಕ್ಕದಲ್ಲಿಟ್ಕೊಂಡು ದಿನಾ ಅದರ ಹತ್ರ ಮಾತಾಡ್ತಾಳೆ. ಮೂಲೆ ಅಂಗಡಿಯವರಿಗೆ ಕೊಟ್ಟಿದ್ದೀನಿ. ಇಷ್ಟು ವರ್ಷ ಬೀದಿಗೆಲ್ಲ ರೋಗ ಹಂಚಿದ್ನೇನೇ ನಾನು?"

ನನ್ನ ಗಂಡ ವಾತಾವರಣ ತಿಳಿಯಾಗಲೆಂದು ನನ್ನ ಕಡೆ ತಿರುಗಿ, "ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ನನಗೆ ದಿನಾ ಕೈ ತೊಳೆಸಿ ತೊಳೆಸಿ, ಕೊಳೆ ಇದ್ದಿದ್ದು ಯಾರ ಕೈಯಲ್ಲಿ?" ಎಂದರು. ಬೇರೆ ದಿನವಾಗಿದ್ದರೆ ಅತ್ತೆ ಬಿದ್ದು ಬಿದ್ದು ನಗುತ್ತಿದ್ದರು. ಅವತ್ತು ಎದ್ದು ಒಳಗೆ ಹೋದರು. ಮರುದಿನ ನಾನು ಚಪ್ಪಲಿ ಹಾಕುವಾಗ ಕೂಗು ಬರಲಿಲ್ಲ. ಆ ಕೂಗಿಗೆ ನಾನು ಎಷ್ಟು ಸಲ ಗೊಣಗಿದ್ದೇನೋ. ಅದಿಲ್ಲದೆ ಬಾಗಿಲು ದಾಟುವುದು ಕಷ್ಟವಾಯಿತು.

ಇದನ್ನು ಸಂಶಯ ಸಾರ್‌ಗೆ ಹೇಳಿದಾಗ ಅವರು ತಲೆ ಕೆರೆದುಕೊಂಡರು. ಸಮಾಧಾನದ ಮಾತು ಅವರಿಗೆ ಬರುವುದಿಲ್ಲ. "ಅವರನ್ನ ಇಲ್ಲಿಗೆ ಕರ್ಕೊಂಡು ಬನ್ನಿ," ಎಂದರು. "ಕಡ್ಡಿಯಿಂದ ಹರಡತ್ತೆ ಅನ್ನೋದು ಸರಿ. ಬರೀ ಕೈಯಿಂದ ಹರಡತ್ತೆ ಅನ್ನೋದು ನಿಮ್ಮ ಗ್ಲೌಸಿನ ಕಥೆ ಅಷ್ಟೇ, ಅದನ್ನ ನಾನು ನಂಬಲ್ಲ. ನೋಡ್ಬೇಕು."

ಅತ್ತೆ ಮದುವೆಗೆ ಹೊರಟವರ ಹಾಗೆ ಒಳ್ಳೆಯ ಸೀರೆ ಉಟ್ಟು, ಆದರೆ ಮುಖ ಬಿಗಿದುಕೊಂಡು ಬಂದರು. ಒಂದು ಪಟ್ಟೆ ಗಿಡವನ್ನು ಚೀಲದಲ್ಲಿ ಮುಚ್ಚಿ ತಂದಿದ್ದೆವು. ನಮ್ಮ ಗಿಡಗಳ ಕೋಣೆಯಲ್ಲಿ ಬೀಜದಿಂದ ಬೆಳೆಸಿದ ಅದೇ ಜಾತಿಯ ಎಳೆ ಗಿಡಗಳನ್ನು ಮೂರು ಸಾಲಾಗಿ ಇಟ್ಟಿದ್ದರು.

"ಅಮ್ಮಾ, ಮನೇಲಿ ಏನು ಮಾಡ್ತೀರೋ ಅದನ್ನೇ ಮಾಡಿ," ಎಂದರು ಸಂಶಯ ಸಾರ್. "ನಿಮ್ಮ ಗಿಡದ ಕುಡಿ ಚಿವುಟಿ, ಹಾಗೇ ಈ ಮೊದಲ ಸಾಲಿನ ಕುಡಿ ಚಿವುಟಿ."

"ಒಳ್ಳೆ ಗಿಡಕ್ಕೆ ಬೇಕೂಂತ ಕಾಯಿಲೆ ಹಚ್ಚಬೇಕಾ?"

"ಹಚ್ಚಬೇಕು. ಅದೇ ನಮ್ಮ ಕೆಲಸ."

ಅತ್ತೆ ನಿಟ್ಟುಸಿರು ಬಿಟ್ಟು ಶುರುಮಾಡಿದರು. ಅವರ ಬೆರಳುಗಳಿಗೆ ಮಾತ್ರ ದುಃಖ ಗೊತ್ತಿರಲಿಲ್ಲ. ಹೆಬ್ಬೆರಳು ತೋರುಬೆರಳು ಸೇರಿದ್ದೂ ಕುಡಿ ಬಿದ್ದದ್ದೂ ಒಂದೇ ಗಳಿಗೆ. ಆಮೇಲೆ ಬಟ್ಟಲಿನ ಹಾಲಿನಲ್ಲಿ ಕೈ ಅದ್ದಿಸಿದರು. ಹಾಲಿನಲ್ಲಿರುವ ಪ್ರೋಟೀನು ಇಂಥ ವೈರಸ್ಸಿನ ಮೈಗೆ ಮೆತ್ತಿಕೊಂಡು ಅದು ಗಿಡಕ್ಕೆ ಅಂಟದ ಹಾಗೆ ಮಾಡುತ್ತದೆ, ಹೂ ಬೆಳೆಯುವವರಿಗೆ ಇದು ಹಳೆಯ ವಿದ್ಯೆ. ಹಾಲಿನ ಕೈಯಲ್ಲಿ ಎರಡನೆಯ ಸಾಲು. ಮೂರನೆಯದನ್ನು ಸಂಶಯ ಸಾರ್ ತಾವೇ ಹೊಸ ಗ್ಲೌಸು ಹಾಕಿಕೊಂಡು ಚಿವುಟಿದರು. ಅವರು ಚಿವುಟುವ ರೀತಿ ನೋಡಿ ಅತ್ತೆ ನನ್ನ ಕಿವಿಯಲ್ಲಿ, "ಕಿವಿ ಹಿಂಡಿದ ಹಾಗೆ ಹಿಂಡ್ತಾರಲ್ಲೇ," ಎಂದರು. ಎಷ್ಟೋ ದಿನದ ಮೇಲೆ ಅವರ ಬಾಯಲ್ಲಿ ಒಂದು ಕೊಂಕು ಬಂತು. ನನಗೆ ಜೀವ ಬಂದಂತಾಯಿತು.

ಪಕ್ಕದ ಕಟ್ಟೆಯ ಮೇಲೆ ತರಕಾರಿ ಗಿಡಗಳಿದ್ದವು. ಅವುಗಳ ಎಲೆಗೆ ಸಣ್ಣ ಗೀರು ಬೀಳಲೆಂದು ನಯವಾದ ಮರಳುಪುಡಿ ಉದುರಿಸಿ, ಪಟ್ಟೆ ಎಲೆಯ ರಸ ತಿಕ್ಕಿದವಳು ನಾನು. ತಿಕ್ಕುತ್ತ ಒಂದೊಂದು ಗಿಡಕ್ಕೂ ಮನಸ್ಸಿನಲ್ಲೇ ಹೇಳಿದೆ: ದಮ್ಮಯ್ಯ, ನಿನಗೆ ಮಾತ್ರ ಅಂಟದಿರಲಿ.

ಆಮೇಲೆ ಕಾಯುವುದು. ದಿನಾ ಹೋದ ತಕ್ಷಣ ಏಪ್ರನ್ನು ಕಟ್ಟಿಕೊಂಡು ಗಾಜಿನ ಸಾಮಾನು ತೊಳೆದು, ನೇರ ಗಿಡಗಳ ಕೋಣೆಗೆ ಓಡುತ್ತಿದ್ದೆ. ಮನೆಗೆ ಬಂದರೆ ಅತ್ತೆ ಬಾಯಿಬಿಟ್ಟು ಕೇಳುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. ದರ್ಜಿ ಮಾತ್ರ ಎದುರು ಕಿಟಕಿಯಿಂದ ಕೂಗಿ ಕೇಳುತ್ತಿದ್ದಳು, "ನಮ್ಮ ಗಿಡ ಪಾಸಾಯ್ತಾ?"

ಒಂದು ದಿನ ಟೊಮ್ಯಾಟೊ ಎಲೆಯೊಂದು ಮುದುಡಿತ್ತು. ಅಂಚು ಒಳಕ್ಕೆ ಸುರುಳಿ, ಬಣ್ಣ ಪೇಲವ. ಅದನ್ನು ಕಿತ್ತು, ಅರೆದು, ಚೂರಣ್ಣನಿಗೆ ಕೊಟ್ಟೆ. ಅವನು ತನ್ನ ಬೇರೆ ಕೆಲಸಗಳನ್ನೆಲ್ಲ ಬದಿಗೆ ತಳ್ಳಿದ. ಆ ಎರಡು ದಿನ ನಾನು ಮನೆಯಲ್ಲಿ ಅತ್ತೆಯ ಕಣ್ಣು ತಪ್ಪಿಸಿಕೊಂಡು ಓಡಾಡಿದೆ. ಬಾಲ್ಕನಿಯಲ್ಲಿ ಕುಂಡಗಳಿಲ್ಲದಿದ್ದರೆ ಹೇಗೆ ಕಾಣುತ್ತದೆ ಎಂದು ಕಲ್ಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ.

"ಅಕ್ಕಾ, ವೈರಸ್ಸು ಇಲ್ಲ," ಎಂದ ಚೂರಣ್ಣ ಕೊನೆಗೆ. ಮುಖ ಸಪ್ಪೆ ಮಾಡಿಕೊಂಡಿದ್ದ. "ಇನ್ನೊಂದು ವಿಷಯ ಹೇಳ್ತೀನಿ, ಹೊಡೀಬೇಡಿ. ಆ ಟೊಮ್ಯಾಟೊ ಕುಂಡಕ್ಕೆ ನೀರು ಹಾಕೋದು ನನ್ನ ಪಾಳಿ. ಮರೆತುಬಿಟ್ಟಿದ್ದೆ."

ಹೊಡೆಯಲಿಲ್ಲ. ತಬ್ಬಿಕೊಂಡೆ. ಅವನಿಗೆ ಅದೇ ಹೆಚ್ಚು ಭಯವಾಯಿತು.

ಹೂ ಬಿಟ್ಟ ದಿನ ಸಂಶಯ ಸಾರ್ ತಾವೇ ಅತ್ತೆಯನ್ನು ಕರೆಸಿದರು. ನನ್ನ ಗಂಡನೂ ರಜೆ ಹಾಕಿ ಬಂದಿದ್ದರು. ಬಾಗಿಲಲ್ಲೇ ಅತ್ತೆಯ ಕಣ್ಣು ಮೊದಲು ಹೋದದ್ದು ತರಕಾರಿ ಗಿಡಗಳ ಮೇಲೆ. ಒಂದರಲ್ಲೂ ಒಂದು ಚುಕ್ಕೆ ಇಲ್ಲ, ಎಲ್ಲವೂ ಹಚ್ಚ ಹಸಿರು.

"ಎಲ್ಲವನ್ನೂ ಅರೆದು ನೋಡಿದ್ದೀವಿ," ಎಂದರು ಸಂಶಯ ಸಾರ್. "ಒಂದಕ್ಕೂ ಅಂಟಿಲ್ಲ. ಸುಡೋ ಅಗತ್ಯ ಇಲ್ಲ."

ಅತ್ತೆ ಅಲ್ಲೇ ಇದ್ದ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟರು. ಕಣ್ಣು ತುಂಬಿತ್ತು. "ದರ್ಜಿಗೆ ಮೊದಲು ಹೇಳ್ಬೇಕು," ಎಂದರು.

"ಹೂ ನೋಡಲ್ವಾ?"

ಮೂರನೆಯ ಸಾಲು, ಸಂಶಯ ಸಾರ್ ಚಿವುಟಿದ್ದು, ಬರೀ ನೇರಳೆ. ಎರಡನೆಯ ಸಾಲು, ಹಾಲಿನ ಕೈಯದು, ಬರೀ ನೇರಳೆ. ಮೊದಲ ಸಾಲಿನಲ್ಲಿ ಈ ತುದಿಯಿಂದ ಆ ತುದಿಯವರೆಗೆ ಬಿಳಿ ಪಟ್ಟೆ, ಒಂದರಂತೆ ಒಂದಿಲ್ಲ. ನಾನು ಅಷ್ಟು ವರ್ಷ ನೋಡಿದ್ದ ಹೂವೇ, ಆದರೂ ನನ್ನ ಮೈ ಜುಮ್ಮೆಂದಿತು. ಯಾರೂ ಕಂಡಿರದ ಒಂದು ಜೀವ ಮನುಷ್ಯರ ಬೆರಳು ಹಿಡಿದು ಗಿಡದಿಂದ ಗಿಡಕ್ಕೆ ನಡೆದು ಬಂದು ಇಲ್ಲಿ ಅರಳಿ ನಿಂತಿತ್ತು. ಅದನ್ನು ಕಂಡುಹಿಡಿದವರಲ್ಲಿ ನಾನೊಬ್ಬಳು, ಅದೂ ಕೈ ತೊಳೆಯದೆ.

ಸಂಶಯ ಸಾರ್ ಸಾಲಿನಿಂದ ಸಾಲಿಗೆ ಹೋಗಿ, ಮತ್ತೆ ಹಿಂದಕ್ಕೆ ಬಂದು, ಮತ್ತೊಮ್ಮೆ ನೋಡಿದರು. ಆಮೇಲೆ ಅತ್ತೆಯ ಮುಂದೆ ನಿಂತು, "ಅಮ್ಮಾ, ಪಟ್ಟೆ ಬರೆಯೋದು ವೈರಸ್ಸು, ನಿಜ. ಆದ್ರೆ ಅದು ಗಾಳೀಲಿ ಬರಲ್ಲ, ಬೀಜದಲ್ಲಿ ಬರಲ್ಲ, ಹುಳದಿಂದ್ಲೂ ಬರಲ್ಲ. ಬರೋದಾಗಿದ್ರೆ ನಿಮ್ಮ ಬಾಲ್ಕನಿ ಮೂಲೇಲಿ ತಾನಾಗಿ ಹುಟ್ಟಿದ ಗಿಡದಲ್ಲೂ ಪಟ್ಟೆ ಇರ್ತಿತ್ತು. ಆ ಬೀದೀಲಿರೋ ಪಟ್ಟೆ ಹೂ ಎಲ್ಲಾ ನಿಮ್ಮ ಕೈಯಿಂದ್ಲೇ ಆಗಿರೋದು. ಇದರಲ್ಲಿ ನನಗೆ ಸಂಶಯ ಇಲ್ಲ," ಎಂದರು.

ಅವರ ಬಾಯಲ್ಲಿ ಆ ಮಾತು ಬಂದದ್ದಕ್ಕೆ ಚೂರಣ್ಣ ಗೋಡೆ ಹಿಡಿದುಕೊಂಡ.

ಅತ್ತೆ ತಮ್ಮ ಅಂಗೈಗಳನ್ನು ಒಮ್ಮೆ ತಿರುಗಿಸಿ ಮುರುಗಿಸಿ ನೋಡಿಕೊಂಡರು. "ಇಷ್ಟು ವರ್ಷ ನಾನು ಬಡ್ಕೊಳ್ತಾ ಇದ್ದಿದ್ದು ಇನ್ನೇನ್ರೀ ಮತ್ತೆ?" ಎಂದರು. "ಕೈಗುಣ, ಕೈಗುಣ ಅಂತ. ಯಾರಾದ್ರೂ ಕೇಳಿದ್ರಾ?" ಆಮೇಲೆ ಅವರು ನಗತೊಡಗಿದರು. ಬಕೆಟ್ಟು ಅಲ್ಲಾಡುವಷ್ಟು ನಕ್ಕರು. ನಾವೆಲ್ಲರೂ ನಕ್ಕೆವು. ಸಂಶಯ ಸಾರ್ ಕೂಡ ಕಿಟಕಿಯ ಕಡೆ ತಿರುಗಿ ನಕ್ಕರು.

ಮರುದಿನ ಬೆಳಿಗ್ಗೆ ನಾನು ಚಪ್ಪಲಿಗೆ ಕಾಲು ಹಾಕುತ್ತಿದ್ದೆ. "ಮೇಲಿನ ಕುಂಡದ ಕುಡಿ ಚಿವುಟಿ ಹೋಗಮ್ಮಾ," ಎಂಬ ಕೂಗು ಬಂತು. ಗೊಣಗದೆ ಓಡಿಹೋಗಿ ಚಿವುಟಿದೆ. ಎದುರು ಕಿಟಕಿಯಲ್ಲಿ ದರ್ಜಿ ತನ್ನ ಪಟ್ಟೆ ಹೂವಿಗೆ ಯಾರದೋ ಅಳತೆಯ ಬಗ್ಗೆ ದೂರು ಹೇಳುತ್ತಿದ್ದಳು. ಚೀಲ ಹೆಗಲಿಗೇರಿಸಿ ಬಾಗಿಲ ಬಳಿ ಬಂದರೆ ಅಲ್ಲಿ ಸ್ಟೂಲಿನ ಮೇಲೊಂದು ಹಾಲಿನ ಬಟ್ಟಲು, ಅದರ ಪಕ್ಕದಲ್ಲಿ ಅತ್ತೆ. ಬಸ್ಸಿಗೆ ಹೊತ್ತಾಗಿತ್ತು. ನಾನು ಕಾಣದವಳ ಹಾಗೆ ದಾಟಿ ಹೋಗಲು ನೋಡಿದೆ.

ಅತ್ತೆ ಒಂದು ಕೆಮ್ಮು ಕೆಮ್ಮಿದರು.

ಒಳಗೆ ನನ್ನ ಗಂಡ ಕಿಸಕ್ಕೆಂದು ನಕ್ಕದ್ದು ಕೇಳಿಸಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನಾನು ಮರುಮಾತಾಡದೆ ಹಿಂದಿರುಗಿ, ಬಟ್ಟಲಿನಲ್ಲಿ ಎರಡೂ ಕೈ ಅದ್ದಿದೆ.